ತೊಳೆದ ಮರುದಿನ ಮತ್ತೆ ಮೂಡುವ ಕಲೆ

ಸಂಡೂರಿನಿಂದ ಬಳ್ಳಾರಿಗೆ ವಾಪಸ್ ಬರುವಾಗ ದಾರಿಯಲ್ಲಿ ಒಗ್ಗರಣೆ-ಮಿರ್ಚಿ, ಅಂದರೆ ಮಂಡಕ್ಕಿ ಒಗ್ಗರಣೆ ಮತ್ತು ಮೆಣಸಿನಕಾಯಿ ಬಜ್ಜಿ, ಕಟ್ಟಿಸಿಕೊಂಡಿದ್ದೆವು. ಪೊಟ್ಟಣ ಹಿಂದಿನ ಸೀಟಿನ ಮೇಲೆ ಅರ್ಧ ಗಂಟೆ ಕೂತಿತ್ತು, ಅಷ್ಟೇ. ಮನೆ ಮುಂದೆ ಎತ್ತಿ ನೋಡಿದರೆ ಪೇಪರ್ ಎಣ್ಣೆ ಕುಡಿದು ಗಾಜಿನ ಹಾಗೆ ಆಗಿತ್ತು. ಅದರ ಕೆಳಗೆ, ಕೆನೆ ಬಣ್ಣದ ಬಟ್ಟೆ ಸೀಟಿನಲ್ಲಿ, ಅಂಗೈ ಅಗಲದ ಹಳದಿ ಕಲೆ. ಮರುದಿನ ವಾಟರ್ ಸರ್ವಿಸ್‌ಗೆ ಒಯ್ದೆ. ಅಲ್ಲಿನ ಹುಡುಗ ಬಗ್ಗಿ ನೋಡಿ, "ಇದೇನ್ ದೊಡ್ಡದು ಬಿಡಣ್ಣ, ಶಾಂಪೂ ಹಾಕಿ ಒಂದ್ ಕೈ ತಿಕ್ಕಿದ್ರೆ ಹೋಗ್ತದೆ" ಅಂದ. ನೊರೆ ಸುರಿದ, ಬ್ರಷ್‌ನಿಂದ ತಿಕ್ಕಿದ, ಪೈಪಿನಲ್ಲಿ ನೀರೂ ಬಿಟ್ಟ. ಸಂಜೆಗೆ ಸೀಟು ಶೋರೂಮಿನಿಂದ ಬಂದ ಹಾಗಿತ್ತು. ಮರುದಿನ ಮಧ್ಯಾಹ್ನ ಬಿಸಿಲಲ್ಲಿ ನಿಂತಿದ್ದ ಕಾರಿನ ಬಾಗಿಲು ತೆಗೆದಾಗ ಕಲೆ ಅಲ್ಲೇ ಇತ್ತು. ಈ ಸಲ ಊಟದ ತಟ್ಟೆಯಗಲ, ಸುತ್ತಲೂ ಕಂದು ಗೆರೆ ಬೇರೆ.

ಹುಡುಗನನ್ನು ಬೈದು ಪ್ರಯೋಜನವಿಲ್ಲ. ನಾನೇ ತೊಳೆದಿದ್ದರೂ ಅದನ್ನೇ ಮಾಡುತ್ತಿದ್ದೆ. ಆ ಸೀಟಿನೊಳಗೆ ಏನು ನಡೆಯಿತು ಅಂತ ತಿಳಿದ ಮೇಲೆ ಕಾರಿನ ಒಳಗಿನ ಕಲೆಗಳ ಬಗ್ಗೆ ನನ್ನ ಲೆಕ್ಕವೇ ಬದಲಾಯಿತು. ನಮ್ಮ ಕಡೆ ಕಾರುಗಳಲ್ಲಿ ಕಾಣುವ ಎಷ್ಟೋ ಹಠಮಾರಿ ಕಲೆಗಳು ಬಿದ್ದ ದಿನ ಹಠಮಾರಿಯಾಗಿರಲಿಲ್ಲ. ನಾವು ತೊಳೆದ ದಿನ ಆದವು.

ದೀಪದ ಬತ್ತಿ ನೆನಪಿಸಿಕೊಳ್ಳಿ. ಎಣ್ಣೆ ಕೆಳಗಿರುತ್ತದೆ, ಉರಿಯುವುದು ತುದಿಯಲ್ಲಿ. ತುದಿಯಲ್ಲಿ ಎಣ್ಣೆ ಖರ್ಚಾದಂತೆಲ್ಲ ಎಳೆಗಳ ಸಂದಿನಿಂದ ಮತ್ತಷ್ಟು ಮೇಲೇರುತ್ತದೆ. ಸೀಟಿನದೂ ಇದೇ ಕಥೆ. ಮೇಲೆ ಕಾಣುವ ಬಟ್ಟೆಯ ಹಿಂದೆ ತೆಳುವಾದ ಸ್ಪಂಜಿನ ಪದರ, ಅದರ ಕೆಳಗೆ ದಪ್ಪನೆಯ ಫೋಮು. ಪೈಪಿನಲ್ಲಿ ನೀರು ಬಿಟ್ಟಾಗ ಕಲೆ ಹೊರಗೆ ಹೋಗುವುದಿಲ್ಲ, ಸೋಪಿನ ಜೊತೆ ಕರಗಿ ಫೋಮಿಗೆ ಇಳಿಯುತ್ತದೆ, ಇಳಿಯುತ್ತಾ ಅಗಲವೂ ಆಗುತ್ತದೆ. ಮೇಲಿನ ಬಟ್ಟೆ ಚೊಕ್ಕಟವಾಗಿ ಕಾಣುತ್ತದೆ, ನಾವು ದುಡ್ಡು ಕೊಟ್ಟು ಬರುತ್ತೇವೆ. ಆಮೇಲೆ ಬಟ್ಟೆ ಒಣಗಲು ಶುರುವಾದಾಗ ಫೋಮಿನಲ್ಲಿದ್ದ ನೀರು ಎಳೆಗಳ ಸಂದಿನಿಂದ ಮೇಲಕ್ಕೆ ಬರುತ್ತದೆ, ಬರುವಾಗ ಜಿಡ್ಡು, ಬಣ್ಣ, ಉಳಿದ ಸೋಪು ಎಲ್ಲವನ್ನೂ ಹೊತ್ತು ತರುತ್ತದೆ. ನೀರು ಆವಿಯಾಗಿ ಹೋಗುತ್ತದೆ, ಹೊರೆ ಮೇಲೆಯೇ ಉಳಿಯುತ್ತದೆ. ಒದ್ದೆ ಜಾಗದ ಅಂಚು ಮೊದಲು ಒಣಗುವುದರಿಂದ ಹೊರೆಯೆಲ್ಲ ಅಂಚಿಗೆ ಹರಿದು ಅಲ್ಲೇ ಗೆರೆ ಕಟ್ಟುತ್ತದೆ. ಚೆಲ್ಲಿದ ಚಹಾ ಟೇಬಲ್ ಮೇಲೆ ಒಣಗಿದಾಗ ನಡು ತಿಳಿಯಾಗಿ ಅಂಚು ಕಪ್ಪಾಗುವುದೂ ಇದೇ ಕಾರಣಕ್ಕೆ.

ಬಳ್ಳಾರಿ, ರಾಯಚೂರಿನ ಒಣ ಬಿಸಿಲು ಈ ಕೆಲಸಕ್ಕೆ ಇನ್ನಷ್ಟು ಕುಮ್ಮಕ್ಕು ಕೊಡುತ್ತದೆ. ಹೊರಗೆ 40 ಡಿಗ್ರಿ ಇದ್ದಾಗ ಗಾಜು ಏರಿಸಿ ಬಿಸಿಲಿಗೆ ನಿಲ್ಲಿಸಿದ ಕಾರಿನೊಳಗೆ 60 ದಾಟುವುದು ದೊಡ್ಡ ಮಾತಲ್ಲ. ಮೇಲಿನ ಬಟ್ಟೆ ಎಷ್ಟು ಬೇಗ ಒಣಗುತ್ತದೋ ಕೆಳಗಿನದು ಅಷ್ಟು ಜೋರಾಗಿ ಮೇಲೆ ಬರುತ್ತದೆ. ಹಾಗಾಗಿ "ತೊಳೆದು ಬಿಸಿಲಿಗೆ ನಿಲ್ಲಿಸಿ" ಅನ್ನುವ ಸಲಹೆ ನಮ್ಮೂರಲ್ಲಿ ಅರ್ಧ ಮಾತ್ರ ಸರಿ.

ಹಾಗಾದರೆ ಮಾಡಬೇಕಾದ್ದೇನು? ನೀರು ಕಡಿಮೆ, ಬಟ್ಟೆ ಜಾಸ್ತಿ. ಒಂದು ಲೀಟರ್ ನೀರಿಗೆ ಒಂದು ಚಿಕ್ಕ ಚಮಚ ಪಾತ್ರೆ ತೊಳೆಯುವ ಲಿಕ್ವಿಡ್ ಸಾಕು. ಅದರಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಿಳಿ ಹತ್ತಿ ಬಟ್ಟೆಯಿಂದ ಕಲೆಯ ಹೊರ ಅಂಚಿನಿಂದ ನಡುವಿನ ಕಡೆಗೆ ಒತ್ತುತ್ತಾ ಬನ್ನಿ. ಗುಂಡಗೆ ತಿಕ್ಕಬೇಡಿ. ಹಣೆಯ ಬೆವರು ಒರೆಸುವ ಹಾಗೆ ಒತ್ತಿ ಎತ್ತಿ, ಒತ್ತಿ ಎತ್ತಿ. ಬಿಳಿ ಬಟ್ಟೆಯೇ ಯಾಕೆ ಅಂದರೆ, ಕಲೆ ಅದಕ್ಕೆ ಬರುತ್ತಿದೆಯೋ ಇಲ್ಲವೋ ಕಣ್ಣಿಗೆ ಕಾಣಬೇಕು. ಬಣ್ಣದ ಬಟ್ಟೆಯಾದರೆ ಅದರ ಬಣ್ಣವೇ ಸೀಟಿಗೆ ಹತ್ತಿದರೂ ಹತ್ತೀತು. ಆಮೇಲೆ ಬರೀ ನೀರಿನ ಬಟ್ಟೆಯಿಂದ ಎರಡು ಸಲ ಹೀಗೇ ಮಾಡಿ ಸೋಪು ತೆಗೆಯಬೇಕು. ಇದನ್ನು ಬಿಟ್ಟರೆ ಒಳಗುಳಿದ ಸೋಪು ಅಂಟಂಟಾಗಿ ಧೂಳನ್ನು ಹಿಡಿದಿಟ್ಟುಕೊಳ್ಳುತ್ತದೆ, ತಿಂಗಳೊಳಗೆ ಅದೇ ಜಾಗ ಕಪ್ಪಾಗುತ್ತದೆ. ಕೊನೆಗೆ ನಾಲ್ಕು ಮಡಿಕೆ ಮಾಡಿದ ಒಣ ಟವೆಲ್ ಇಟ್ಟು ಅದರ ಮೇಲೆ ಭಾರ ಹೇರಿ ರಾತ್ರಿಯಿಡೀ ಬಿಡಿ. ನಾನು 5 ಕೆಜಿ ಅಕ್ಕಿ ಚೀಲ ಇಡುತ್ತೇನೆ. ಈಗ ಬತ್ತಿಯ ತುದಿ ಸೀಟಿನ ಬಟ್ಟೆಯಲ್ಲ, ಟವೆಲ್. ಮೇಲೆ ಬರುವ ಕಲೆ ಟವೆಲಿಗೇ ಬರುತ್ತದೆ. ಬೆಳಿಗ್ಗೆ ಅದನ್ನು ತೆಗೆದು ನೋಡಿದರೆ ಸೀಟಿನಲ್ಲಿ ಇರಬೇಕಾಗಿದ್ದ ಕಂದು ಗೆರೆ ಟವೆಲಿನ ಮೇಲೆ ಮೂಡಿರುತ್ತದೆ. ಮೊದಲ ಸಲ ಅದನ್ನು ಕಂಡಾಗ ಆದ ಖುಷಿ ಸಣ್ಣದಲ್ಲ.

ನೀರಿನದ್ದೂ ಒಂದು ಮಾತಿದೆ. ನಮ್ಮ ಬೋರ್‌ವೆಲ್ ನೀರು ಎಂಥದ್ದು ಅಂತ ಬಚ್ಚಲುಮನೆಯ ನಲ್ಲಿಗೆ ಕಟ್ಟಿದ ಬಿಳಿ ಪೊರೆ ಹೇಳುತ್ತದೆ. ಕುಡಿಯುವ ನೀರಿನ ಭಾರತೀಯ ಮಾನಕದ ಪ್ರಕಾರ ಗಡಸುತನ ಲೀಟರಿಗೆ 200 ಮಿಲಿಗ್ರಾಂ ಒಳಗಿದ್ದರೆ ಒಳ್ಳೆಯದು, ಬೇರೆ ನೀರಿಲ್ಲದಿದ್ದರೆ 600ರವರೆಗೆ ಒಪ್ಪಬಹುದು. ಗಡಸು ನೀರಿನಲ್ಲಿರುವ ಕ್ಯಾಲ್ಸಿಯಂ, ಮೆಗ್ನೀಸಿಯಂ ಬಟ್ಟೆ ಸೋಪಿನ ಜೊತೆ ಸೇರಿ ನೀರಿನಲ್ಲಿ ಕರಗದ ಜಿಗುಟು ಕಸವಾಗುತ್ತವೆ. ಸೋಪಿಲ್ಲದಿದ್ದರೂ ಒಣಗಿದ ಮೇಲೆ ಬಿಳಿ ಉಪ್ಪಿನ ಗೆರೆ ಬಿಡುತ್ತವೆ. ಕಪ್ಪು ಸೀಟಿನ ಮೇಲೆ ಅದು ಎದ್ದು ಕಾಣುತ್ತದೆ. ಊರಿನ ಶುದ್ಧ ನೀರಿನ ಘಟಕದಿಂದ ತಂದ ಕ್ಯಾನಿನ ನೀರು ಎರಡು ಲೀಟರ್ ಇದ್ದರೆ ಇಡೀ ಕಾರಿನ ಸೀಟುಗಳ ಕಲೆಗೆ ಸಾಕು. ಕುಡಿಯುವ ನೀರಲ್ಲಿ ಕಾರು ತೊಳೆಯುವುದೇ ಅಂತ ಮನೆಯಲ್ಲಿ ಬೈಗುಳ ಬಿದ್ದರೆ, ತೊಳೆಯುತ್ತಿಲ್ಲ, ಒರೆಸುತ್ತಿದ್ದೇನೆ ಅನ್ನಿ.

ಇಷ್ಟು ನೀರಿನ ಕಥೆ. ಆದರೆ ಎಷ್ಟೋ ಕಲೆಗಳಿಗೆ ಮೊದಲು ಮುಟ್ಟಿಸಬೇಕಾದ್ದು ನೀರೇ ಅಲ್ಲ.

ನಮ್ಮ ಕಡೆಯ ಕೆಂಪು ಧೂಳನ್ನೇ ನೋಡಿ. ಸಂಡೂರು, ತೋರಣಗಲ್ಲು ಕಡೆ ಅದಿರು ಲಾರಿಗಳ ಹಿಂದೆ ಹತ್ತು ಕಿಲೋಮೀಟರ್ ಹೋದರೆ ಸಾಕು, ಗಾಜು ಏರಿಸಿದ್ದರೂ ಡ್ಯಾಶ್‌ಬೋರ್ಡ್ ಮೇಲೆ ಬೆರಳಿನಿಂದ ಹೆಸರು ಬರೆಯಬಹುದು. ಇದು ಹೆಮಟೈಟ್, ಅಂದರೆ ಕಬ್ಬಿಣದ ಆಕ್ಸೈಡ್. ನೀರಿನಲ್ಲಿ ಕರಗುವುದಿಲ್ಲ, ಎಣ್ಣೆಯಲ್ಲಿ ಕರಗುವುದಿಲ್ಲ, ಸೋಪಿಗೂ ಜಗ್ಗುವುದಿಲ್ಲ. ಕರಗದ್ದನ್ನು ಕರಗಿಸಲು ಹೋಗುವುದೇ ಇಲ್ಲಿನ ತಪ್ಪು. ಒದ್ದೆ ಬಟ್ಟೆ ತಾಗಿದ ಕೂಡಲೇ ಧೂಳು ಕೆಮ್ಮಣ್ಣಿನ ಗಾರೆಯಾಗಿ ಬಟ್ಟೆಯ ನೇಯ್ಗೆಯೊಳಗೆ, ಡ್ಯಾಶ್‌ಬೋರ್ಡಿನ ಸಣ್ಣ ಗುಳಿಗಳೊಳಗೆ ಇಳಿದು ಕೂರುತ್ತದೆ. ಮನೆ ಬಳಿಯುವಾಗ ಕೆಮ್ಮಣ್ಣು ನೀರಲ್ಲಿ ಕಲಸಿ ಗೋಡೆಗೆ ಹತ್ತಿಸುತ್ತಿದ್ದದ್ದೂ ಹೀಗೇ ತಾನೇ? ಒಣ ಬಟ್ಟೆಯಿಂದ ಜೋರಾಗಿ ಒರೆಸಿದರೆ ಇನ್ನೊಂದು ತಾಪತ್ರಯ. ಖನಿಜಗಳ ಗಟ್ಟಿತನವನ್ನು 1ರಿಂದ 10ರವರೆಗೆ ಅಳೆಯುವ ಮೋಸ್ ಮಾಪಕದಲ್ಲಿ ಹೆಮಟೈಟ್‌ನದ್ದು 5.5ರಿಂದ 6.5, ಜೊತೆಗೆ ಬರುವ ಮರಳಿನದ್ದು 7. ಪ್ಲಾಸ್ಟಿಕ್ ಇವುಗಳ ಮುಂದೆ ಬೆಣ್ಣೆ. ಇದೇ ಕಬ್ಬಿಣದ ಆಕ್ಸೈಡಿನ ನಯವಾದ ಪುಡಿಯಿಂದ ಅಕ್ಕಸಾಲಿಗರು ಚಿನ್ನಕ್ಕೆ ಹೊಳಪು ಕೊಡುತ್ತಾರೆ. ನಾವು ಒರೆಸುತ್ತಿದ್ದೇವೆ ಅಂದುಕೊಂಡು ಉಜ್ಜುತ್ತಿರುತ್ತೇವೆ, ಮೀಟರಿನ ಗಾಜಿನಂಥ ಪ್ಲಾಸ್ಟಿಕ್ ಮೇಲೆ ಜೇಡರ ಬಲೆಯಂಥ ಗೀರುಗಳು ಬರುವುದು ಹೀಗೆ.

ಹಾಗಾಗಿ ಕೆಂಪು ಧೂಳಿಗೆ ಮೊದಲು ವ್ಯಾಕ್ಯೂಮ್, ಎಸಿ ಕಿಂಡಿಗಳಿಗೆ ಪೇಂಟ್ ಹಚ್ಚುವ ಮೆತ್ತನೆಯ ಬ್ರಷ್. ಬ್ರಷ್ ಎಬ್ಬಿಸಬೇಕು, ವ್ಯಾಕ್ಯೂಮ್ ಪಕ್ಕದಲ್ಲೇ ಎಳೆದುಕೊಳ್ಳಬೇಕು. ಸೀಟಿಗಾದರೆ ಅಂಗೈಯಿಂದ ತಟ್ಟಿ, ಎಳೆದು, ಮತ್ತೆ ತಟ್ಟಿ. ಧೂಳು ಬರುವುದು ನಿಂತ ಮೇಲೆಯೇ ಒದ್ದೆ ಬಟ್ಟೆ. ಕಾಲಿಗೆ ಮೆತ್ತಿದ ಎರೆಮಣ್ಣಿಗೂ ಇದೇ ತಾಳ್ಮೆ ಬೇಕು. ಎರೆ ನೀರು ಕುಡಿದು ಉಬ್ಬುವ ಮಣ್ಣು, ಒದ್ದೆಯಿದ್ದಾಗ ಬಿಡಿಸಲು ಹೋದರೆ ಕಾರ್ಪೆಟ್ಟಿಗೆ ಬೆಣ್ಣೆಯ ಹಾಗೆ ಸವರಿಕೊಳ್ಳುತ್ತದೆ. ಪೂರ್ತಿ ಒಣಗಿ ಬಿರುಕು ಬಿಡಲಿ. ಆಮೇಲೆ ಮುಕ್ಕಾಲು ಪಾಲು ತಾನೇ ಉದುರುತ್ತದೆ.

ಎಣ್ಣೆಗೆ ಬರೋಣ. ಹಲಸಿನ ಹಣ್ಣು ಬಿಡಿಸುವವರು ಕೈಗೆ ಕೊಬ್ಬರಿ ಎಣ್ಣೆ ಯಾಕೆ ಸವರಿಕೊಳ್ಳುತ್ತಾರೆ? ಅದರ ಅಂಟು ನೀರಿಗೆ ಬಗ್ಗುವುದಿಲ್ಲ, ಎಣ್ಣೆಗೆ ಬಗ್ಗುತ್ತದೆ. ಜಾತಿಗೆ ಜಾತಿ ಕೂಡುವ ಈ ನಿಯಮ ಕಾರಿನೊಳಗೂ ನಡೆಯುತ್ತದೆ. ಹೊಸ ರಸ್ತೆಯ ಡಾಂಬರು ಚಪ್ಪಲಿಯಿಂದ ಕಾರ್ಪೆಟ್ಟಿಗೆ ಹತ್ತಿದರೆ ಎರಡು ಹನಿ ಅಡುಗೆ ಎಣ್ಣೆ ಹಾಕಿ ಹತ್ತು ನಿಮಿಷ ಬಿಟ್ಟು ಬಟ್ಟೆಗೆ ಎತ್ತಿಕೊಳ್ಳಬೇಕು. ಆ ಎಣ್ಣೆಯನ್ನು ತೆಗೆಯಲು ಪಾತ್ರೆ ಲಿಕ್ವಿಡ್. ಸೋಪಿನ ಅಣುವಿಗೆ ಒಂದು ತುದಿ ಎಣ್ಣೆಯ ಕಡೆ, ಇನ್ನೊಂದು ತುದಿ ನೀರಿನ ಕಡೆ. ಎರಡೂ ಮನೆಗೆ ಬೇಕಾದ ಸಂಬಂಧಿಕರ ಹಾಗೆ ನಡುವೆ ನಿಂತು ಇಬ್ಬರನ್ನೂ ಕೂಡಿಸುತ್ತದೆ. ಬಿಸಿಯಿರುವ ಬಜ್ಜಿ ಎಣ್ಣೆ ಸೀಟಿಗೆ ಬಿದ್ದ ಕೂಡಲೇ ಮೆಕ್ಕೆಜೋಳದ ಹಿಟ್ಟನ್ನೋ ಟಾಲ್ಕಂ ಪೌಡರನ್ನೋ ಸುರಿದು ಅರ್ಧ ಗಂಟೆ ಬಿಟ್ಟು ವ್ಯಾಕ್ಯೂಮ್ ಮಾಡಿದ್ದರೆ ನನ್ನ ಆ ತಟ್ಟೆಯಗಲದ ಕಲೆ ಹುಟ್ಟುತ್ತಲೇ ಇರಲಿಲ್ಲ. ತಲೆಗೆ ಹಚ್ಚಿದ ಎಣ್ಣೆಯಿಂದ ಹೆಡ್‌ರೆಸ್ಟ್ ಮೇಲೆ ಮೂಡುವ ಕರಿ ಮಿಣುಕಿಗೂ ಇದೇ ಉಪಾಯ, ಆದರೆ ಅದು ವರ್ಷಗಳ ಗಳಿಕೆ, ಒಂದೇ ದಿನದಲ್ಲಿ ಬಿಡುವುದಿಲ್ಲ.

ಬಜ್ಜಿ ಎಣ್ಣೆ ಹೋದ ಮೇಲೂ ಹಳದಿ ಉಳಿಯುತ್ತದೆ. ಅದು ಅರಿಶಿನ. ಅದಕ್ಕೆ ಬಟ್ಟೆ ಸೋಪು ಹಚ್ಚಿದವರಿಗೆ ಎದೆ ಧಸಕ್ಕೆಂದಿರಬೇಕು: ಹಳದಿ ಕಲೆ ಕಣ್ಣೆದುರೇ ಕೆಂಪಾಗುತ್ತದೆ. ಹೆದರಬೇಕಾಗಿಲ್ಲ. ಆರತಿಗೆ ಓಕುಳಿ ಮಾಡುವಾಗ ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಕೆಂಪೇರುತ್ತದಲ್ಲ, ಅದೇ ಆಟ. ಅರಿಶಿನದ ಬಣ್ಣ ಕರ್ಕ್ಯುಮಿನ್, ಕ್ಷಾರ ತಾಗಿದರೆ ಕೆಂಪು, ಹುಳಿ ತಾಗಿದರೆ ಮತ್ತೆ ಹಳದಿ. ಇದಕ್ಕೆ ಸೋಪಿಗಿಂತ ದೊಡ್ಡ ವೈರಿ ನಮ್ಮೂರಲ್ಲಿ ಪುಕ್ಕಟೆ ಸಿಗುತ್ತದೆ, ಬಿಸಿಲು. ಕರ್ಕ್ಯುಮಿನ್ ಬೆಳಕಿನಲ್ಲಿ ಒಡೆದುಹೋಗುವ ವಸ್ತು. ಅದು ಹೀರುವುದು ಕಣ್ಣಿಗೆ ಕಾಣುವ ನೀಲಿ ಬೆಳಕನ್ನು, ಸುಮಾರು 425 ನ್ಯಾನೋಮೀಟರ್ ಆಸುಪಾಸಿನದನ್ನು. ಆ ಬೆಳಕನ್ನು ಕಾರಿನ ಗಾಜು ತಡೆಯುವುದಿಲ್ಲ. ಜಿಡ್ಡು ತೆಗೆದು, ಟವೆಲ್ ಹಾಕಿ ಒಣಗಿಸಿ, ಆಮೇಲೆ ಕಲೆಯ ಮೇಲೆ ನೇರ ಬಿಸಿಲು ಬೀಳುವ ಹಾಗೆ ಎರಡು-ಮೂರು ದಿನ ಕಾರು ನಿಲ್ಲಿಸಿ. ಮೊದಲು ಬಿಸಿಲು ಬೇಡ ಅಂದದ್ದು ನಾನೇ, ಹೌದು. ಒದ್ದೆಯಿದ್ದಾಗ ಬೇಡ, ಒಣಗಿದ ಮೇಲೆ ಬೇಕು. ಮೆಣಸಿನಕಾಯಿಯ ಕೆಂಪು ಕೂಡ ಎಣ್ಣೆಯಲ್ಲಿ ಕರಗಿ ಬೆಳಕಿಗೆ ಸೋಲುವ ಬಣ್ಣವೇ. ಅಂಗಳದಲ್ಲಿ ಬಹಳ ದಿನ ಬಿಸಿಲು ಕಂಡ ಮೆಣಸಿನಕಾಯಿ ಬೆಳ್ಳಗಾಗುವುದನ್ನು ನೋಡಿದ್ದೇವಲ್ಲ.

ಆಯುಧ ಪೂಜೆಯ ದಿನ ಸ್ಟೇರಿಂಗಿಗೆ, ಡ್ಯಾಶ್‌ಬೋರ್ಡಿಗೆ ಹಚ್ಚುವ ಕುಂಕುಮ ಬೇರೆ ಲೆಕ್ಕ. ಅರಿಶಿನಕ್ಕೆ ಸುಣ್ಣ ಕೂಡಿಸಿ ಮಾಡಿದ ಹಳೆ ಪದ್ಧತಿಯ ಕುಂಕುಮವಾದರೆ ಅಷ್ಟು ಕಾಡುವುದಿಲ್ಲ. ಅಂಗಡಿಯಲ್ಲಿ ಸಿಗುವ ಅಗ್ಗದ ಪುಡಿಯಲ್ಲಿ ರಾಸಾಯನಿಕ ಬಣ್ಣ ಇದ್ದರೆ, ನೀರಿನಲ್ಲಿ ಕಲಸಿ ಹಚ್ಚಿದ್ದು ತಿಳಿ ಬಣ್ಣದ ಪ್ಲಾಸ್ಟಿಕ್‌ಗೆ ಗುಲಾಬಿ ಛಾಯೆ ಬಿಟ್ಟೇ ಹೋಗುತ್ತದೆ. ನಮ್ಮಮ್ಮ ಈಗ ಸ್ಟೇರಿಂಗಿಗೆ ಒಂದು ವೀಳ್ಯದೆಲೆ ಅಂಟಿಸಿ ಅದರ ಮೇಲೆ ಕುಂಕುಮ ಇಡುತ್ತಾಳೆ. ದೇವರಿಗೂ ಸಮಾಧಾನ, ಕಾರಿಗೂ.

ವೀಳ್ಯದೆಲೆ ಅಂದಾಗ ನೆನಪಾಯಿತು, ಎಲೆ-ಅಡಿಕೆಯ ಕೆಂಪು ಕೂಡ ಸುಣ್ಣದ ಕೆಲಸವೇ. ಅಡಿಕೆಯ ಒಗರು ಸುಣ್ಣದ ಕ್ಷಾರದಲ್ಲಿ ಕೆಂಪಾಗುತ್ತದೆ. ಬಾಗಿಲಿನ ಒಳಬದಿಗೆ ಸಿಡಿದ ಹನಿಗಳಿಗೆ ಕ್ಷಾರದ ಸೋಪು ಹಾಕಿದರೆ ಅದಕ್ಕೇ ಬಲ ಕೊಟ್ಟ ಹಾಗೆ. ಒಂದು ಪಾಲು ಬಿಳಿ ವಿನೆಗರ್‌ಗೆ ನಾಲ್ಕು ಪಾಲು ನೀರು ಬೆರೆಸಿ ಮೊದಲು ಅದನ್ನು ಒತ್ತಿ. ಚಹಾ ಕಲೆಗೂ ಇದೇ. ಬೋರ್‌ವೆಲ್ ನೀರು ಬಿಟ್ಟ ಬಿಳಿ ಗೆರೆಗೂ ಇದೇ. ಇಲ್ಲೊಂದು ಎಚ್ಚರಿಕೆ: ವಿಡಿಯೋಗಳಲ್ಲಿ ವಿನೆಗರ್‌ಗೆ ಅಡುಗೆ ಸೋಡಾ ಬೆರೆಸಿ ಬುಸುಬುಸು ಉಕ್ಕಿಸಿ ತೋರಿಸುತ್ತಾರೆ. ನೋಡಲು ಚಂದ. ಹುಳಿಯೂ ಕ್ಷಾರವೂ ಒಂದನ್ನೊಂದು ತಿಂದುಹಾಕಿ ಗಾಳಿ ಹೋಗುತ್ತದೆ, ಉಳಿಯುವುದು ಉಪ್ಪು ನೀರು. ಬೇಕಿದ್ದರೆ ಒಂದಾದ ಮೇಲೆ ಒಂದು ಬಳಸಿ, ಕೂಡಿಸಬೇಡಿ. ಬ್ಲೀಚ್‌ಗೆ ಯಾವ ಆ್ಯಸಿಡ್ ಬೆರೆಸಿದರೂ ಕ್ಲೋರಿನ್ ಅನಿಲ ಬರುತ್ತದೆ. ಅದು ಕಾರಿನಂಥ ಸಣ್ಣ ಡಬ್ಬಿಯೊಳಗೆ ಜೀವಕ್ಕೇ ಅಪಾಯ. ಬ್ಲೀಚ್ ಕಾರಿನೊಳಗೆ ಬೇಕಾಗೇ ಇಲ್ಲ.

ಹಾಲು, ಮೊಸರು, ರಕ್ತ, ಮಗುವಿನ ವಾಂತಿ, ಇವೆಲ್ಲ ಒಂದೇ ಕುಟುಂಬ. ಇವುಗಳಲ್ಲಿರುವುದು ಪ್ರೊಟೀನ್. ಮೊಟ್ಟೆ ಕಾದ ಬಾಣಲೆಗೆ ಬಿದ್ದಾಗ ಗಟ್ಟಿಯಾಗುವ ಹಾಗೆ ಪ್ರೊಟೀನು ಬಿಸಿ ತಾಗಿದರೆ ಎಳೆಗೆ ಕಚ್ಚಿಕೊಳ್ಳುತ್ತದೆ. ಆದ್ದರಿಂದ ಬಿಸಿನೀರು, ಸ್ಟೀಮ್ ಎರಡೂ ಬೇಡ, ತಣ್ಣೀರೇ ಸರಿ. ಆಮೇಲೆ ಎಂಜೈಮ್ ಇರುವ ಬಟ್ಟೆ ಲಿಕ್ವಿಡ್ ತೆಳುವಾಗಿ ಕಲಸಿ ಹಚ್ಚಿ, ಅರ್ಧ ಗಂಟೆ ಒದ್ದೆಯಾಗಿಯೇ ಇರುವಂತೆ ನೋಡಿಕೊಳ್ಳಬೇಕು. ಎಂಜೈಮ್ ಪ್ರೊಟೀನನ್ನು ಸಣ್ಣ ಸಣ್ಣ ತುಂಡು ಮಾಡುತ್ತದೆ, ಆದರೆ ಅವಸರ ಮಾಡಿದರೆ ಮಾಡುವುದಿಲ್ಲ. ಹಾಲು ಫೋಮಿಗೆ ಇಳಿದು ಎರಡು ದಿನವಾಗಿದ್ದರೆ ಮೇಲೆ ಏನು ಹಚ್ಚಿದರೂ ನಾರುತ್ತಲೇ ಇರುತ್ತದೆ. ಅಂಥ ಹೊತ್ತಿನಲ್ಲಿ ಸೀಟು ಬಿಚ್ಚಿಸಿ, ನೀರು ಎಳೆದುಕೊಳ್ಳುವ ಮಷಿನ್ ಇರುವವರ ಹತ್ತಿರ ಹೋಗುವುದೇ ಒಳ್ಳೆಯದು. ಸೀಟಿನ ಕೆಳಗೆ ಹಳದಿ ಬಣ್ಣದ ವೈರ್ ಕನೆಕ್ಟರ್ ಕಂಡರೆ ಅದು ಏರ್‌ಬ್ಯಾಗಿನದ್ದು. ನೀವೇ ಕಿತ್ತುಹಾಕಬೇಡಿ, ಅದರ ಮೇಲೆ ನೀರೂ ಬಿಡಬೇಡಿ.

ಕಲೆ ಯಾವುದು ಅನ್ನುವಷ್ಟೇ ಮುಖ್ಯ ಅದು ಕೂತ ಜಾಗ ಯಾವುದು ಅನ್ನುವುದು. ಕೊರೊನಾ ಕಾಲದಲ್ಲಿ ಎಲ್ಲರೂ ಸ್ಯಾನಿಟೈಸರ್‌ನಿಂದ ಸ್ಟೇರಿಂಗ್ ಒರೆಸಿದೆವು. ಎಷ್ಟೋ ಕಾರುಗಳ ಸ್ಟೇರಿಂಗ್ ಮೇಲಿನ ಹೊದಿಕೆ ಆಮೇಲೆ ಹಾವಿನ ಪೊರೆಯ ಹಾಗೆ ಎದ್ದಿತು. ಲೆದರ್, ರೆಕ್ಸಿನ್ ಮೇಲಿರುವುದು ತೆಳ್ಳಗಿನ ಬಣ್ಣದ ಲೇಪ, ಆಲ್ಕೋಹಾಲ್ ಅದನ್ನು ಎಬ್ಬಿಸುತ್ತದೆ. ಬಟ್ಟೆ ಸೀಟಿನ ಮೇಲಿನ ಬಾಲ್‌ಪೆನ್ ಗೆರೆಗೆ ಅದೇ ಸ್ಯಾನಿಟೈಸರ್ ಒಳ್ಳೆಯ ಮದ್ದು. ಹತ್ತಿಗೆ ಹಚ್ಚಿ ಗೆರೆಯ ಉದ್ದಕ್ಕೆ ಒತ್ತಬೇಕು, ಅಡ್ಡಡ್ಡ ಒರೆಸಿದರೆ ಗೆರೆ ಹೋಗಿ ಮೋಡವಾಗುತ್ತದೆ. ಮೀಟರಿನ ಮೇಲಿನ ಪಾರದರ್ಶಕ ಪ್ಲಾಸ್ಟಿಕ್‌ಗೆ ಆಲ್ಕೋಹಾಲೂ ಬೇಡ, ಮನೆಯ ಗಾಜು ಒರೆಸುವ ಅಮೋನಿಯಾ ಲಿಕ್ವಿಡ್ಡೂ ಬೇಡ, ಕೂದಲೆಳೆಯ ಬಿರುಕು ಬರುತ್ತದೆ. ಥಿನ್ನರ್, ಪೆಟ್ರೋಲ್ ಅಂತೂ ಪ್ಲಾಸ್ಟಿಕ್ಕನ್ನೇ ಕರಗಿಸುತ್ತವೆ, ಬೆಂಕಿಯ ಭಯ ಬೇರೆ. ಛಾವಣಿಯ ಬಟ್ಟೆಯನ್ನು ಸ್ಪಂಜಿನ ಪದರದ ಮೇಲೆ ಅಂಟಿನಿಂದ ಕೂರಿಸಿರುತ್ತಾರೆ. ನಮ್ಮ ಬೇಸಿಗೆಗೇ ಆ ಅಂಟು ಸಡಿಲವಾಗಿರುತ್ತದೆ, ಮೇಲೆ ನೀರು ಕುಡಿಸಿದರೆ ಬಟ್ಟೆ ಮದುವೆ ಚಪ್ಪರದ ಹಾಗೆ ಜೋತುಬೀಳುತ್ತದೆ. ಅಲ್ಲಿ ಬರೀ ತೇವದ ಬಟ್ಟೆ, ಎರಡು ಬೆರಳಿನ ಒತ್ತು. ಸೀಟ್ ಬೆಲ್ಟಿಗೆ ತೆಳು ಸೋಪು ನೀರು ಮಾತ್ರ, ಪೂರ್ತಿ ಎಳೆದು ಕ್ಲಿಪ್ ಹಾಕಿ ನೆರಳಲ್ಲಿ ಒಣಗಿಸಿಯೇ ಒಳಗೆ ಬಿಡಬೇಕು. ಯಾವುದನ್ನೇ ಹಚ್ಚುವ ಮೊದಲು ಸೀಟಿನ ಕೆಳಗೆ ಯಾರಿಗೂ ಕಾಣದ ಮೂಲೆಯಲ್ಲಿ ಒಂದು ಚುಕ್ಕೆ ಹಚ್ಚಿ ಹತ್ತು ನಿಮಿಷ ಕಾಯುವುದನ್ನು ನಾನು ಈಗ ತಪ್ಪಿಸುವುದಿಲ್ಲ.

ಹೋಗದ ಕಲೆಯೂ ಒಂದಿದೆ, ಅದು ನಮ್ಮೂರಿನ ಹೆಮ್ಮೆಯಿಂದಲೇ ಬರುವಂಥದ್ದು. ಬಳ್ಳಾರಿಯ ಜೀನ್ಸ್ ದೇಶಕ್ಕೆಲ್ಲ ಹೋಗುತ್ತದೆ. ಜೀನ್ಸಿನ ನೂಲಿಗೆ ಇಂಡಿಗೋ ಬಣ್ಣ ಹೊರಮೈಗೆ ಮಾತ್ರ ಹತ್ತಿರುತ್ತದೆ, ನೂಲಿನ ನಡು ಬೆಳ್ಳಗೇ ಇರುತ್ತದೆ. ಜೀನ್ಸ್ ಹಾಕಿದಷ್ಟೂ ತಿಳಿಯಾಗುವುದು ಅದಕ್ಕೇ. ಹೊಸ ಪ್ಯಾಂಟು ಹಾಕಿ ತಿಳಿ ಬಣ್ಣದ ರೆಕ್ಸಿನ್ ಸೀಟಿನ ಮೇಲೆ ಕೂತರೆ, ಉಜ್ಜಾಟಕ್ಕೆ, ಬೆವರಿಗೆ ಆ ಬಣ್ಣ ಸೀಟಿಗೆ ಇಳಿಯುತ್ತದೆ. ವಾರದೊಳಗೆ ನೋಡಿದರೆ ಸೋಪು ನೀರಿಗೆ ಬಹುಪಾಲು ಬರುತ್ತದೆ. ಬಿಟ್ಟರೆ ಬಿಸಿಗೆ ಮೆದುವಾದ ರೆಕ್ಸಿನ್ ಆ ನೀಲಿಯನ್ನು ತನ್ನೊಳಗೇ ಎಳೆದುಕೊಳ್ಳುತ್ತದೆ. ರೆಕ್ಸಿನ್ ಮೆತ್ತಗಿರಲಿ ಅಂತ ಬೆರೆಸಿದ ಎಣ್ಣೆಯಂಥ ವಸ್ತುವೇ ಬಣ್ಣಕ್ಕೆ ದಾರಿ ಮಾಡಿಕೊಡುತ್ತದೆ. ಆಮೇಲೆ ಅದು ಮೇಲಿನ ಕೊಳೆಯಲ್ಲ, ಸೀಟಿನದೇ ಬಣ್ಣ. ಟೂತ್‌ಪೇಸ್ಟ್, ಬಿಳಿ ಮ್ಯಾಜಿಕ್ ಸ್ಪಂಜು ಹಾಕಿ ತಿಕ್ಕಿದರೆ ನೀಲಿ ಸ್ವಲ್ಪ ಕಡಿಮೆಯಾಗುವುದು ನಿಜ. ಅವು ಬಣ್ಣ ತೆಗೆಯುವುದಿಲ್ಲ, ಸೀಟಿನ ಮೇಲ್ಪದರವನ್ನೇ ಉಪ್ಪುಕಾಗದದ ಹಾಗೆ ಕೆರೆಯುತ್ತವೆ. ಕೆರೆದ ಜಾಗ ಮುಂದಿನ ಸಲ ಇನ್ನೂ ಬೇಗ ನೀಲಿ ಹಿಡಿಯುತ್ತದೆ. ನನ್ನ ಡ್ರೈವರ್ ಸೀಟಿನ ಬಲ ಅಂಚಿನಲ್ಲಿ ಆ ನೀಲಿ ಈಗಲೂ ಇದೆ. ಅದರ ಮೇಲೊಂದು ಹತ್ತಿ ಟವೆಲ್ ಹಾಸಿದ್ದೇನೆ, ಹೊಸ ಜೀನ್ಸನ್ನು ಮೂರು ಸಲ ಒಗೆದ ಮೇಲೆಯೇ ಕಾರು ಹತ್ತುತ್ತೇನೆ.